ಸ್ಪೇನ್‌ನಲ್ಲಿ ಹೆಚ್ಚು ಗೋಲು ಹೊಡೆಯದ ಕೋರೊ ಗೋವಾದಲ್ಲಿ ಅಷ್ಟೊಂದು ಗೋಲು ಹೊಡೆದದ್ದು ಹೇಗೆ?

ಬಾರ್ಸಿಲೋನಾದ ಎಸ್ಪಾನ್ಯೋಲ್ ಫುಟ್ಬಾಲ್ ತಂಡದಲ್ಲಿ ವರ್ಷಗಟ್ಟಲೆ ಆಡಿಯೂ ಗೋಲು ಗಳಿಕೆಯಲ್ಲಿ ಹೆಸರು ಮಾಡದ ಫೆರಾನ್ ಕೋರೊಮಿನಾಸ್ (ಕೋರೊ), 34ನೆಯ ವಯಸ್ಸಿನಲ್ಲಿ ಗೋವಾಕ್ಕೆ ಬಂದು ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) 57 ಪಂದ್ಯಗಳಲ್ಲಿ 48 ಗೋಲು ಹೊಡೆದರೆಂದರೆ ನಮ್ಮ ಲೀಗ್‌ನ ಮಟ್ಟ ಎಂಥದ್ದೆಂದು ತಿಳಿಯುವುದಿಲ್ಲವೇ ಎಂದು ನೀವು ಕೇಳಿದ್ದೀರಿ. ಮಟ್ಟದಲ್ಲಿ ಅಂತರ ಇರುವುದು ನಿಜ, ಅದರ ಬಗ್ಗೆ ವಾದ ಬೇಡ. ಆದರೆ ಅದೊಂದೇ ಕಾರಣವಾಗಿದ್ದರೆ, ವೃತ್ತಿಜೀವನದ ಕೊನೆಯಲ್ಲಿ ಯೂರೋಪಿನಿಂದ ಇಲ್ಲಿಗೆ ಬಂದ ಎಲ್ಲ ಫಾರ್ವರ್ಡ್‌ಗಳೂ ಹೀಗೆಯೇ ಗೋಲಿನ ಮಳೆ ಸುರಿಸಬೇಕಿತ್ತು. ಕೋರೊ ಬಂದ ಅದೇ 2017–18ರ ಋತುವಿನಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಬಂದವರು ದಿಮಿತಾರ್ ಬರ್ಬಟೋವ್. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 2010–11ರಲ್ಲಿ ಅತಿ ಹೆಚ್ಚು ಗೋಲು ಹೊಡೆದವರ ಸ್ಥಾನ ಹಂಚಿಕೊಂಡಿದ್ದ ಆ ದೊಡ್ಡ ಆಟಗಾರ ಇಲ್ಲಿ ಹೊಡೆದದ್ದು ಒಂದೇ ಒಂದು ಗೋಲು. ಲೀಗ್ ಇಬ್ಬರಿಗೂ ಒಂದೇ ಆಗಿದ್ದರಿಂದ, ವ್ಯತ್ಯಾಸದ ಕಾರಣವನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ.

ಮೊದಲು ಸ್ಪೇನ್‌ನ ಲೆಕ್ಕವನ್ನೇ ನೋಡೋಣ. ಕೆಟಲೋನಿಯಾದಲ್ಲಿ 1983ರಲ್ಲಿ ಹುಟ್ಟಿದ ಕೋರೊ ಎಸ್ಪಾನ್ಯೋಲ್‌ನಲ್ಲಿ ಆಡುತ್ತಿದ್ದ ಕಾಲಕ್ಕೆ ಆ ತಂಡದಲ್ಲಿ ಗೋಲು ಹೊಡೆಯುವ ಹೊಣೆ ರೌಲ್ ತಮುದೋ ಅವರ ಮೇಲಿತ್ತು. ಕೋರೊ ಹೆಚ್ಚಾಗಿ ಬಲಪಾರ್ಶ್ವದಲ್ಲಿ ಆಡುತ್ತಿದ್ದರು, ಇಲ್ಲವೇ ದ್ವಿತೀಯಾರ್ಧದಲ್ಲಿ ಬದಲಿ ಆಟಗಾರರಾಗಿ ಇಳಿಯುತ್ತಿದ್ದರು. ಅಂದರೆ ಗೆರೆಯ ಪಕ್ಕದಲ್ಲಿ ಓಡುವುದು, ಎದುರಾಳಿಯ ಡಿಫೆಂಡರ್‌ಗಳನ್ನು ಹೊರಕ್ಕೆ ಎಳೆಯುವುದು, ಇನ್ನೊಬ್ಬರಿಗೆ ಜಾಗ ಮಾಡಿಕೊಡುವುದು ಅವರ ಕೆಲಸವಾಗಿತ್ತು. ಹಾಗಿದ್ದೂ ಆ ಊರಿನ ಅಭಿಮಾನಿಗಳು ಅವರನ್ನು ಮರೆತಿಲ್ಲ, ಏಕೆಂದರೆ 2006ರ ಮೇ 13ರಂದು, ಲೀಗ್‌ನ ಕೊನೆಯ ದಿನ, ರಿಯಲ್ ಸೊಸಿಯೆದಾದ್ ವಿರುದ್ಧ ನಿಗದಿತ ಸಮಯ ಮುಗಿದ ಮೇಲೆ ಅವರು ಹೊಡೆದ ಒಂದು ಗೋಲು ತಂಡವನ್ನು ಎರಡನೆಯ ದರ್ಜೆಗೆ ಇಳಿಯದಂತೆ ಉಳಿಸಿತು. ಮುಂದೆ ಓಸಾಸುನಾ, ಜಿರೋನಾ, ಎಲ್ಚೆ, ಮಯೋರ್ಕಾ, ಆಮೇಲೆ ಸೈಪ್ರಸ್‌ನ ಒಂದು ತಂಡ. ಇಡೀ ತಂಡವನ್ನೇ ಅವರ ಸುತ್ತ ಕಟ್ಟುವ ಯೋಚನೆ ಆ ವರ್ಷಗಳಲ್ಲಿ ಯಾರಿಗೂ ಬಂದಂತೆ ಕಾಣುವುದಿಲ್ಲ.

ಆ ಯೋಚನೆ ಬಂದದ್ದು 2017ರಲ್ಲಿ ಎಫ್‌ಸಿ ಗೋವಾದ ತರಬೇತುದಾರರಾಗಿ ಬಂದ ಸರ್ಜಿಯೊ ಲೊಬೆರಾ ಅವರಿಗೆ. ಅವರು ಕೋರೊ ಅವರನ್ನು ಮೈದಾನದ ಅಂಚಿನಿಂದ ನಡುವಿಗೆ ತಂದರು. ಅವರ ಹಿಂದೆ, ಮೈದಾನದ ನಡುವೆ, ಮೊರಾಕ್ಕೋದ ಅಹ್ಮದ್ ಜಾಹು ಚೆಂಡನ್ನು ಹಿಡಿದು ಆಟದ ವೇಗ ನಿರ್ಧರಿಸುತ್ತಿದ್ದರು. ಜಾಹು ಮುಂದೆ ಎದು ಬೇದಿಯಾ, ಲಾನ್ಸರೋಟೆ, ನಂತರ ಹ್ಯೂಗೊ ಬೂಮೂ ಮತ್ತು ನಮ್ಮ ಗೋವಾದವರೇ ಆದ ಬ್ರ್ಯಾಂಡನ್ ಫರ್ನಾಂಡಿಸ್. ಎಡಗಡೆ ಮಂದಾರ್ ರಾವ್ ದೇಸಾಯಿ ಡಿಫೆಂಡರ್ ಎಂಬ ಹೆಸರಿನಲ್ಲಿ ಆಡುತ್ತಲೇ ಎದುರಾಳಿಯ ಪೆನಾಲ್ಟಿ ಬಾಕ್ಸ್‌ವರೆಗೆ ಏರಿ ಹೋಗುತ್ತಿದ್ದರು. ಇಷ್ಟು ಜನ ಚೆಂಡನ್ನು ತಮ್ಮಲ್ಲೇ ಓಡಾಡಿಸಿಕೊಂಡು ಎದುರಾಳಿಯನ್ನು ದಣಿಸಿದ ಮೇಲೆ, ಕೊನೆಯ ಪಾಸ್ ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಯಾರಿಗೂ ಅನುಮಾನ ಇರುತ್ತಿರಲಿಲ್ಲ.

ನಾನು ವಾಸ್ಕೋದಲ್ಲಿ ಇರುವವನು. ಫತೋರ್ಡಾದ ನೆಹರೂ ಸ್ಟೇಡಿಯಂನಲ್ಲಿ ಕುಳಿತು ಕೋರೊ ಆಟವನ್ನು ನೋಡುವಾಗ ಟಿವಿಯಲ್ಲಿ ಕಾಣದ ಒಂದು ಸಂಗತಿ ಕಣ್ಣಿಗೆ ಬೀಳುತ್ತಿತ್ತು. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಕೋರೊ ಇರುತ್ತಿದ್ದದ್ದು ಚೆಂಡಿನಿಂದ ದೂರ. ಎದುರಾಳಿಯ ಇಬ್ಬರು ಸೆಂಟರ್‌ಬ್ಯಾಕ್‌ಗಳಲ್ಲಿ ಒಬ್ಬನನ್ನು ಆರಿಸಿಕೊಂಡು ಅವನ ಬೆನ್ನ ಹಿಂದೆ, ಅವನು ಕತ್ತು ತಿರುಗಿಸಿದರೆ ಮಾತ್ರ ಕಾಣುವ ಜಾಗದಲ್ಲಿ ನಿಲ್ಲುತ್ತಿದ್ದರು. ಜಾಹು ಅಥವಾ ಬೇದಿಯಾ ತಲೆ ಎತ್ತಿದ ಕೂಡಲೇ ಪಾಸ್ ಕೇಳುವವರಂತೆ ಒಂದೆರಡು ಹೆಜ್ಜೆ ತಮ್ಮ ತಂಡದ ಕಡೆಗೆ ಬರುತ್ತಿದ್ದರು. ಡಿಫೆಂಡರ್ ಅವರ ಜತೆ ಒಂದು ಹೆಜ್ಜೆ ಮುಂದೆ ಬಂದನೋ, ಅಷ್ಟರಲ್ಲಿ ಇವರು ಮೈ ತಿರುಗಿಸಿ ಆತ ಬಿಟ್ಟ ಜಾಗಕ್ಕೆ ನುಗ್ಗಿರುತ್ತಿದ್ದರು. ಮಿಂಚಿನ ಓಟಗಾರರೇನಲ್ಲ, ಆದರೆ ಓಟ ಶುರುವಾಗುವ ಕ್ಷಣ ಎಷ್ಟು ಕರಾರುವಾಕ್ಕಾಗಿರುತ್ತಿತ್ತೆಂದರೆ ಆಫ್‌ಸೈಡ್ ಎಂದು ಲೈನ್ಸ್‌ಮನ್‌ನ ಬಾವುಟ ಏಳುವುದು ಅಪರೂಪ. ಪಾರ್ಶ್ವದಲ್ಲಿ ವರ್ಷಗಟ್ಟಲೆ ಇತರರಿಗೆ ಜಾಗ ಮಾಡಿಕೊಟ್ಟವರಿಗೆ ಜಾಗ ಎಲ್ಲಿ ಹುಟ್ಟುತ್ತದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ ಎಂದು ನನ್ನ ಊಹೆ. ಸ್ಪೇನ್‌ನ ಆ ವರ್ಷಗಳು ವ್ಯರ್ಥವಾದವು ಎಂದು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

2017ರ ನವೆಂಬರ್ 30ರಂದು ಬೆಂಗಳೂರು ಎಫ್‌ಸಿ ವಿರುದ್ಧ 4–3ರಿಂದ ಗೆದ್ದ ಪಂದ್ಯದಲ್ಲಿ ಕೋರೊ ಹ್ಯಾಟ್ರಿಕ್ ಹೊಡೆದರು. ಗೋಲ್‌ಕೀಪರ್ ಗುರ್‌ಪ್ರೀತ್ ರೆಡ್ ಕಾರ್ಡ್ ಪಡೆದು ಹೊರನಡೆದದ್ದರಿಂದ ಬೆಂಗಳೂರಿನವರು ಬಹುಪಾಲು ಹತ್ತೇ ಜನರಲ್ಲಿ ಆಡಿದರು ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ಹುಬ್ಬಳ್ಳಿಯಲ್ಲಿರುವ ನನ್ನ ಸೋದರಮಾವನ ಮಗ ಇದನ್ನು ಓದಿ ಸುಮ್ಮನಿರುವುದಿಲ್ಲ. ಅದರ ಮುಂದಿನ ಪಂದ್ಯದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಮತ್ತೊಂದು ಹ್ಯಾಟ್ರಿಕ್, ಪಂದ್ಯ 5–2. ಆ ಋತುವಿನಲ್ಲಿ 18 ಗೋಲು, ಮುಂದಿನದರಲ್ಲಿ 16. ಎರಡೂ ಸಲ ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ಅವರದೇ, ಎರಡನೆಯ ಸಲ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಸೇರಿಕೊಂಡಿತು. ಫೈನಲ್ ಮಾತ್ರ ಕೈಕೊಟ್ಟಿತು. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ನಡೆದ ಆ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಜಾಹು ರೆಡ್ ಕಾರ್ಡ್ ಪಡೆದು ಹೊರಬಿದ್ದರು, ಮುಗಿಯಲು ಇನ್ನು ಕೆಲವೇ ನಿಮಿಷ ಇದ್ದಾಗ ರಾಹುಲ್ ಭೇಕೆ ಹೆಡರ್‌ನಿಂದ ಗೋಲು ಹೊಡೆದು ಕಪ್ಪನ್ನು ಬೆಂಗಳೂರಿಗೆ ಕೊಟ್ಟರು. ಮರುತಿಂಗಳೇ ಗೋವಾ ಸೂಪರ್ ಕಪ್ ಗೆದ್ದಿತು. ಮೂರನೆಯ ಋತುವಿನಲ್ಲಿ ಕೋರೊ 14 ಗೋಲು ಹೊಡೆದರು, ತಂಡ ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದು ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ನೇರ ಅರ್ಹತೆ ಪಡೆದ ಮೊದಲ ಭಾರತೀಯ ಕ್ಲಬ್ ಆಯಿತು. ಅವರ 48 ಗೋಲುಗಳ ದಾಖಲೆಯನ್ನು ನಂತರ ನೈಜೀರಿಯಾದ ಓಗ್ಬೆಚೆಯೂ ಸುನಿಲ್ ಛೆಟ್ರಿಯೂ ದಾಟಿದ್ದಾರೆ. ಆದರೆ ಅವರಿಬ್ಬರೂ ಆಡಿದ ಪಂದ್ಯಗಳು ಬಹಳ ಹೆಚ್ಚು.

ಕೋರೊ ಗೋವಾದ ಸಾರ್ವಕಾಲಿಕ ಶ್ರೇಷ್ಠ ವಿದೇಶಿ ಫಾರ್ವರ್ಡ್ ಎಂದು ಹೇಳುವವರಿದ್ದಾರೆ, ನಾನು ಅಷ್ಟು ದೂರ ಹೋಗಲಾರೆ. ಗೋವಾದ ಡೆಂಪೊ ತಂಡದಲ್ಲಿದ್ದ ನೈಜೀರಿಯಾದ ರಾಂಟಿ ಮಾರ್ಟಿನ್ಸ್, ಐಎಸ್‌ಎಲ್ ಬರುವ ಮೊದಲು ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ 2011–12ರಲ್ಲಿ 32 ಗೋಲು ಹೊಡೆದವರು. ಅವರ ಹಿಂದೆಯೂ ಕ್ಲಿಫರ್ಡ್ ಮಿರಾಂಡಾ, ಕ್ಲೈಮ್ಯಾಕ್ಸ್ ಲಾರೆನ್ಸ್ ಅವರಂಥ ಮಿಡ್‌ಫೀಲ್ಡರ್‌ಗಳಿದ್ದರು ಎಂಬುದು ನಿಜವೇ. ಆದರೂ ಮರುವರ್ಷ ಕೊಲ್ಕತ್ತಾದ ಪ್ರಯಾಗ್ ಯುನೈಟೆಡ್ ಸೇರಿದ ರಾಂಟಿ ಅಲ್ಲಿಯೂ 26 ಗೋಲು ಹೊಡೆದು ಲೀಗ್‌ಗೇ ಮೊದಲಿಗರಾದರು. ತಂಡ ಬದಲಾದರೂ ಗೋಲು ನಿಲ್ಲಲಿಲ್ಲ. ಕೋರೊ ವಿಷಯದಲ್ಲಿ ಅಂಥ ಪರೀಕ್ಷೆ ನಡೆಯಲೇ ಇಲ್ಲ, ಭಾರತದಲ್ಲಿ ಅವರು ಬೇರೆ ಕ್ಲಬ್‌ಗೆ ಆಡದೆ 2020ರಲ್ಲಿ ಸ್ಪೇನ್‌ಗೆ ಮರಳಿದರು.

ನಿಮ್ಮ ಆಕ್ಷೇಪಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ಕೋರೊ ಆಡಿದ ಆ ವರ್ಷಗಳಲ್ಲಿ ಅದೇ ತಂಡದಲ್ಲಿ ಪಂಜಾಬಿನ ಮನ್‌ವೀರ್ ಸಿಂಗ್ ಎಂಬ ಯುವ ಫಾರ್ವರ್ಡ್ ಇದ್ದರು. ಇಡೀ ಆಟ ಒಬ್ಬರಿಗಾಗಿ ರೂಪಿತವಾದಾಗ ಎರಡನೆಯವರಿಗೆ ಸಿಗುವುದು ಕೊನೆಯ ಇಪ್ಪತ್ತು ನಿಮಿಷ, ಅದೂ ಪಂದ್ಯದ ಹಣೆಬರಹ ತೀರ್ಮಾನವಾದ ಮೇಲೆ. ಮನ್‌ವೀರ್ ಹೆಚ್ಚಾಗಿ ಬದಲಿ ಆಟಗಾರರಾಗಿಯೇ ಉಳಿದರು. 2020ರಲ್ಲಿ ಎಟಿಕೆ ಮೋಹನ್ ಬಗಾನ್‌ಗೆ ಹೋದ ಮೇಲೆ ಆರಂಭಿಕ ಹನ್ನೊಂದರಲ್ಲಿ ಸ್ಥಾನ ಸಿಕ್ಕಿತು, ಗೋಲುಗಳೂ ಬಂದವು, ಭಾರತ ತಂಡದಲ್ಲೂ ಸ್ಥಾನ ಭದ್ರವಾಯಿತು. ತಮುದೋ ಇದ್ದ ತಂಡದಲ್ಲಿ ಕೋರೊ ಎಲ್ಲಿ ನಿಂತಿದ್ದರೋ, ಕೋರೊ ಇದ್ದ ತಂಡದಲ್ಲಿ ಮನ್‌ವೀರ್ ಅಲ್ಲೇ ನಿಂತಿದ್ದರು.