ಓದುಗರ ಪ್ರಶ್ನೆ, ನಮ್ಮ ಉತ್ತರ: ಬಲ ದೇವರದ್ದು, ಹಾಗಾದರೆ ನನ್ನ ಕೆಲಸ ಯಾವುದು?

ಪ್ರಶ್ನೆ: ನನ್ನ ಸಿಟ್ಟು ಹೋಗಲಿ ಎಂದು ಎರಡು ವರ್ಷದಿಂದ ಪ್ರಾರ್ಥನೆ ಮಾಡುತ್ತಿದ್ದೇನೆ. ಭಾನುವಾರ ಆರಾಧನೆ ಮುಗಿಸಿ ಬರುವಾಗ ಮನಸ್ಸು ಹಗುರ. ಸೋಮವಾರ ಕಾಲುವೆ ನೀರಿನ ಪಾಳಿಗೆ ಅಣ್ಣನ ಜೊತೆ ಮಾತಿಗೆ ಮಾತು ಬೆಳೆಯುತ್ತದೆ. ಆ ಸಿಟ್ಟನ್ನು ಮನೆಗೆ ತಂದು ಹೆಂಡತಿ ಮಕ್ಕಳ ಮೇಲೆ ಹಾಕುತ್ತೇನೆ. ಅಯ್ಯನವರು ‘ನಿನ್ನ ಬಲದಿಂದ ಆಗೋದಿಲ್ಲಪ್ಪಾ, ದೇವರ ಬಲದ ಮೇಲೆ ಆತುಕೋ’ ಅನ್ನುತ್ತಾರೆ. ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಎದ್ದು ನಾನು ಮಾಡಬೇಕಾದ್ದು ಏನು?
– ಸಿಂಧನೂರು ತಾಲೂಕಿನ ಓದುಗರು

ಉತ್ತರ: ನಿಮ್ಮ ಕೊನೆಯ ವಾಕ್ಯವನ್ನು ಎಷ್ಟೋ ವಿಶ್ವಾಸಿಗಳು ಯಾರ ಹತ್ತಿರವೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದ್ದು ಒಳ್ಳೆಯದಾಯಿತು.

ತುಂಗಭದ್ರೆಯ ನೀರನ್ನು ನೀವು ಹುಟ್ಟಿಸಲಾರಿರಿ. ಮಳೆ ಮಲೆನಾಡಿನಲ್ಲಿ ಬೀಳುತ್ತದೆ, ಎಡದಂಡೆ ಕಾಲುವೆಗೆ ನೀರು ಬಿಡುವವರು ಬೇರೆ. ಆದರೆ ನೀರು ಬಿಟ್ಟ ದಿನವೂ ನಿಮ್ಮ ಹೊಲಗಾಲುವೆಯಲ್ಲಿ ಹೂಳು, ಕಸ ತುಂಬಿಕೊಂಡಿದ್ದರೆ ಗದ್ದೆ ಒಣಗೇ ಇರುತ್ತದೆ. ಸಲಿಕೆ ಹಿಡಿದು ಹೂಳು ತೆಗೆದವನು ‘ನೀರು ನಾನೇ ತಂದೆ’ ಅನ್ನುವುದಿಲ್ಲ. ಹಾಗೆಂದು ಸಲಿಕೆ ಮುಟ್ಟದೆ ಬದುವಿನ ಮೇಲೆ ಕುಳಿತವನಿಗೂ ನೀರು ಸಿಗುವುದಿಲ್ಲ. ಫಿಲಿಪ್ಪಿಯವರಿಗೆ 2:12-13ರಲ್ಲಿ ಪೌಲ ಎರಡನ್ನೂ ಒಟ್ಟಿಗೇ ಹೇಳುತ್ತಾನೆ: ನಿಮ್ಮ ರಕ್ಷಣೆಯನ್ನು ಭಯದಿಂದ ಸಾಧಿಸಿಕೊಳ್ಳಿರಿ, ಏಕೆಂದರೆ ನಿಮ್ಮೊಳಗೆ ಮನಸ್ಸನ್ನೂ ಕೆಲಸವನ್ನೂ ಹುಟ್ಟಿಸುವವನು ದೇವರು.

ಎಫೆಸದವರಿಗೆ 6:10ರಲ್ಲಿ ‘ಬಲಗೊಳ್ಳಿರಿ’ ಎಂಬ ಮಾತಿದೆ. ಮೂಲ ಗ್ರೀಕಿನಲ್ಲಿ ಅದು ಬಲವನ್ನು ಇನ್ನೊಬ್ಬರಿಂದ ಪಡೆದುಕೊಳ್ಳುವ ರೀತಿಯ ಕ್ರಿಯಾಪದ. ನೀವು ಹಲ್ಲು ಕಚ್ಚಿ ಗಟ್ಟಿಯಾಗಿ ಎಂದಲ್ಲ, ಆತನು ಗಟ್ಟಿ ಮಾಡಲು ನಿಮ್ಮನ್ನು ಒಪ್ಪಿಸಿಕೊಡಿ ಎಂದು. ಆದರೆ ಮರುವಚನದಲ್ಲೇ ‘ಧರಿಸಿಕೊಳ್ಳಿರಿ’ ಎಂಬ ಅಪ್ಪಣೆ ಬರುತ್ತದೆ. ಆಯುಧ ಕೊಡುವವನು ದೇವರು, ತೊಡಬೇಕಾದವರು ನೀವು.

ನೀವು ಎಲ್ಲಿ ಎಡವುತ್ತಿದ್ದೀರಿ ಎಂಬುದು ಪತ್ರದಲ್ಲೇ ಕಾಣುತ್ತದೆ. ಭಾನುವಾರದ ಹಗುರ ಮನಸ್ಸನ್ನೇ ಬಲ ಎಂದು ತಿಳಿದಿದ್ದೀರಿ. ಅದು ಭಾವನೆ, ಹಾಡು ನಿಂತ ಮೇಲೆ ಇಳಿಯುವುದು ಸಹಜ. ‘ಇನ್ನು ಮೇಲೆ ಎಂದಿಗೂ ಸಿಟ್ಟಾಗುವುದಿಲ್ಲ’ ಎಂಬ ಆಣೆಯನ್ನೂ ಬಿಡಿ. ಪೇತ್ರ ಅಂಥದ್ದೇ ಆಣೆ ಮಾಡಿ, ಗೆತ್ಸೇಮನೆಯಲ್ಲಿ ನಿದ್ದೆಹೋಗಿ, ಬೆಳಗಾಗುವಷ್ಟರಲ್ಲಿ ಮೂರು ಸಲ ‘ಆತನನ್ನು ಅರಿಯೆ’ ಅಂದ. ಯೇಸು ಅವನಿಂದ ಕೇಳಿದ್ದು ಆಣೆಯನ್ನಲ್ಲ, ಒಂದು ತಾಸು ಎಚ್ಚರವಾಗಿದ್ದು ಪ್ರಾರ್ಥಿಸುವುದನ್ನು (ಮಾರ್ಕ 14:37-38).

ಬೆಳಿಗ್ಗೆ ಹೊಲಕ್ಕೆ ಹೋಗುವ ಮುಂಚೆ 15 ನಿಮಿಷ ಸಾಕು. ಮೊದಲ ಮೂರು ನಿಮಿಷ, ಬರುವ ಜಗಳವನ್ನು ಹೆಸರಿಟ್ಟು ದೇವರ ಮುಂದೆ ಇಡಿ. ‘ಕರ್ತನೇ, ನನ್ನ ಪಾಪ ಕ್ಷಮಿಸು’ ಎಂಬ ಒಟ್ಟು ಮಾತು ಸಾಲದು. ‘ಇವತ್ತು ತೂಬಿನ ಹತ್ತಿರ ಅಣ್ಣ ಬರ್ತಾನ, ಹೋದ ವಾರದ ಮಾತು ಎತ್ತಿದರ ನನ್ನ ಕೈಕಾಲು ನಡಗತಾವ, ತಡಕೊಳ್ಳೋ ಶಕ್ತಿ ನನಗಿಲ್ಲ’ – ಮನೆಯಲ್ಲಿ ಆಡುವ ಮಾತಿನಲ್ಲೇ ಹೀಗೆ ಹೇಳಿ. ಆಮೇಲೆ ಒಂದು ಕೀರ್ತನೆಯಿಂದ ಆರೇಳು ವಚನ ಗಟ್ಟಿಯಾಗಿ ಓದಿ. ಉಳಿದ ಸಮಯ ವಾರಕ್ಕೊಂದೇ ವಚನವನ್ನು ಬಾಯಿಪಾಠ ಮಾಡಲು. ವಚನ ನಿಮ್ಮ ಗಾಯಕ್ಕೆ ತಕ್ಕದ್ದಾಗಿರಲಿ: ಯಾಕೋಬ 1:19-20, ಜ್ಞಾನೋಕ್ತಿ 15:1, ಎಫೆಸ 4:26-27. ಅರಣ್ಯದಲ್ಲಿ ಯೇಸು ಮೂರು ಶೋಧನೆಗೆ ಮೂರು ಉತ್ತರ ಕೊಟ್ಟದ್ದು ಧರ್ಮೋಪದೇಶಕಾಂಡದ 8:3, 6:16, 6:13ರಿಂದ. ರೊಟ್ಟಿಯ ಶೋಧನೆಗೆ ರೊಟ್ಟಿಯ ವಚನ. ಸಿಕ್ಕ ವಚನವನ್ನು ಸಿಕ್ಕಲ್ಲಿ ಎಸೆಯಲಿಲ್ಲ. ಏಳುವ ಮುಂಚೆ ಆ ದಿನಕ್ಕೆ ಒಂದೇ ಒಂದು ವಿಧೇಯತೆಯನ್ನು ನಿರ್ಧರಿಸಿ: ‘ಅಣ್ಣನ ಮೊದಲ ಮಾತಿಗೆ ಉತ್ತರ ಕೊಡುವುದಿಲ್ಲ’, ಅಷ್ಟೇ.

ಸಿಟ್ಟು ಏರುವ ಗಳಿಗೆಯಲ್ಲಿ ಉದ್ದ ಪ್ರಾರ್ಥನೆ ಬರುವುದಿಲ್ಲ. ‘ಕರ್ತನೇ, ಹಿಡಕೋ’ ಅನ್ನಿ, ಹತ್ತು ಹೆಜ್ಜೆ ಆಚೆ ನಡೆಯಿರಿ, ನೀರು ಕುಡಿಯಿರಿ. ಮನೆಯ ಬಾಗಿಲಿಗೆ ಬಂದಾಗ ಕಾಲು ತೊಳೆಯುವ ತನಕ ಯಾರಿಗೂ ಏನೂ ಹೇಳಬೇಡಿ. ಸೋತಿರೋ, ಹೊತ್ತು ಮುಳುಗುವುದರೊಳಗೆ ಹೆಂಡತಿಯ ಹತ್ತಿರ, ಮಕ್ಕಳ ಹತ್ತಿರ ‘ನನ್ನದು ತಪ್ಪಾಯಿತು’ ಎಂದು ಬಾಯಿಬಿಟ್ಟು ಹೇಳಿ. ದೇವರ ಹತ್ತಿರ ಮಾತ್ರ ಕ್ಷಮೆ ಕೇಳಿ ಮಲಗಿದರೆ ಹೂಳು ಅಲ್ಲೇ ಉಳಿಯುತ್ತದೆ. ಪಾಳಿಯ ತಕರಾರನ್ನು ಊರಿನ ಇಬ್ಬರು ಹಿರಿಯರನ್ನು ಕೂರಿಸಿಕೊಂಡು ಕಾಗದದ ಮೇಲೆ ಬರೆಸಿಕೊಳ್ಳಿ. ನೆಹೆಮೀಯ 4:9ರಲ್ಲಿ ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದವರು ದೇವರಿಗೆ ಪ್ರಾರ್ಥನೆಯನ್ನೂ ಮಾಡಿದರು, ಹಗಲಿರುಳು ಕಾವಲನ್ನೂ ಇಟ್ಟರು.

ಇನ್ನೊಂದು. ಎಫೆಸ 6ರ ಆ ಅಪ್ಪಣೆಗಳೆಲ್ಲ ಬಹುವಚನದಲ್ಲಿವೆ. ಅಲ್ಲಿನ ‘ಗುರಾಣಿ’ಗೆ ಗ್ರೀಕಿನಲ್ಲಿರುವ ಪದ ‘ಬಾಗಿಲು’ ಎಂಬ ಪದದಿಂದ ಬಂದದ್ದು. ಮೈಯೆಲ್ಲ ಮುಚ್ಚುವ ಆ ದೊಡ್ಡ ಗುರಾಣಿಯನ್ನು ರೋಮ್ ಸೈನಿಕರು ಪಕ್ಕದವನ ಗುರಾಣಿಗೆ ಒತ್ತಿಟ್ಟು ಸಾಲಾಗಿ ನಿಲ್ಲುತ್ತಿದ್ದರು. ಸಭೆಯಲ್ಲಿ ಗುಟ್ಟು ಕಾಯಬಲ್ಲ ಒಬ್ಬ ಹಿರಿಯರನ್ನು ಆರಿಸಿಕೊಂಡು ವಾರಕ್ಕೊಮ್ಮೆ ಸೋಲು ಗೆಲುವು ಎರಡನ್ನೂ ಹೇಳಿ. ಅಮಾಲೇಕ್ಯರೊಡನೆ ಯುದ್ಧದ ದಿನ ಗೆಲುವಿಗಾಗಿ ಮೇಲೆತ್ತಿದ್ದ ಮೋಶೆಯ ಕೈಗಳೂ ಸೋತವು. ಆರೋನ, ಹೂರ ಇಬ್ಬರು ಎತ್ತಿ ಹಿಡಿದದ್ದರಿಂದಲೇ ಹೊತ್ತು ಮುಳುಗುವ ತನಕ ನಿಂತವು.

ಪ್ರಶ್ನೆ: ಪಾಳಿ ಕೆಲಸ. ರಾತ್ರಿ ರೂಮಿಗೆ ಬಂದು ಫೋನ್ ಹಿಡಿದರೆ ನೋಡಬಾರದ್ದನ್ನು ನೋಡಿಬಿಡುತ್ತೇನೆ. ಆಮೇಲೆ ಅಳುತ್ತೇನೆ. ಸೈತಾನನನ್ನು ಎದುರಿಸು ಎಂಬ ವಚನ ಹೇಳಿದರೂ ಸೋಲುತ್ತೇನೆ.
– ಶಕ್ತಿನಗರದ ಯುವಕ

ಉತ್ತರ: ತಮ್ಮಾ, ವಚನ ಸರಿ, ಜಾಗ ತಪ್ಪು. ಯಾಕೋಬ 4:7 ಸೈತಾನನನ್ನು ‘ಎದುರಿಸಿರಿ’ ಅನ್ನುತ್ತದೆ, ಅದಕ್ಕೂ ಮೊದಲು ‘ದೇವರಿಗೆ ಒಳಗಾಗಿರಿ’ ಅನ್ನುತ್ತದೆ. ಕಾಮದ ವಿಷಯದಲ್ಲಿ 1 ಕೊರಿಂಥ 6:18ರ ಮಾತು ‘ಓಡಿಹೋಗಿರಿ’ ಎಂದು. ಯೋಸೇಫ ಪೋಟೀಫರನ ಮನೆಯಲ್ಲಿ ನಿಂತು ವಾದ ಮಾಡುತ್ತಾ ಇರಲಿಲ್ಲ, ಬಟ್ಟೆಯನ್ನು ಪೋಟೀಫರನ ಹೆಂಡತಿಯ ಕೈಯಲ್ಲೇ ಬಿಟ್ಟು ಓಡಿದ. ಕತ್ತಲೆ ರೂಮಿನಲ್ಲಿ ಒಬ್ಬನೇ ಫೋನ್ ಹಿಡಿದುಕೊಂಡು ಸೈತಾನನನ್ನು ಗದರಿಸಬೇಡಿ. ಫೋನ್ ಬಿಟ್ಟು ಎದ್ದು ಹೊರಗೆ ಬನ್ನಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋದದ್ದು ನಿಮಗೆ ನೆನಪಿರಬೇಕು. ಉಳಿದ 32 ಗೇಟುಗಳು ನಿಂತೇ ಇದ್ದವು, ಆದರೂ ನೀರು ನಿಲ್ಲಲಿಲ್ಲ. ನಿಮ್ಮ 19ನೇ ಗೇಟು ಯಾವುದು? ಒಂದು ವಾರ, ಬಿದ್ದ ದಿನಗಳನ್ನು ಚೀಟಿಯಲ್ಲಿ ಬರೆಯಿರಿ: ಎಷ್ಟು ಹೊತ್ತಿಗೆ, ಊಟ ಆಗಿತ್ತೇ, ಯಾರ ಜೊತೆ ಜಗಳವಾಗಿತ್ತು, ಎಷ್ಟು ತಾಸು ನಿದ್ದೆ ಕೆಟ್ಟಿತ್ತು. ಹಸಿವು, ದಣಿವು, ಒಂಟಿತನ ಇವುಗಳಲ್ಲಿ ಒಂದು ಪದೇ ಪದೇ ಕಾಣಿಸಿದರೆ ಕಾವಲು ಹಾಕಬೇಕಾದ್ದು ಅಲ್ಲೇ. ಪಾಳಿ ಮುಗಿಸಿ ಮೊದಲು ಊಟ, ಸ್ನಾನ. ಫೋನ್ ರೂಮಿನ ಹೊರಗೆ ಚಾರ್ಜಿಗೆ. ಏಳಲು 200–300 ರೂಪಾಯಿಯ ಅಲಾರಂ ಗಡಿಯಾರ ಸಾಕು. ನೋಡಬಾರದ್ದನ್ನು ತಡೆಯುವ ಲಾಕಿನ ಪಾಸ್‌ವರ್ಡ್ ನಂಬುವ ಅಣ್ಣನೊಬ್ಬನ ಹತ್ತಿರ ಇರಲಿ. 1 ಕೊರಿಂಥ 10:13 ಹೇಳುವ ‘ತಪ್ಪಿಸಿಕೊಳ್ಳುವ ಮಾರ್ಗ’ ಬಹಳ ಸಲ ಇಂಥ ಸಣ್ಣ ಬಾಗಿಲೇ ಆಗಿರುತ್ತದೆ. ಬಿದ್ದರೆ ಮೂರು ದಿನ ಪ್ರಾರ್ಥನೆ ಬಿಟ್ಟು ನಿಮ್ಮನ್ನು ನೀವೇ ಶಿಕ್ಷಿಸಿಕೊಳ್ಳಬೇಡಿ. ಆ ಮೂರು ದಿನದಲ್ಲೇ ಎರಡನೆಯ ಸಲ ಬೀಳುವುದು. 1 ಯೋಹಾನ 1:9 ಹಿಡಿದು ಅದೇ ರಾತ್ರಿ ಎದ್ದು ಕುಳಿತುಕೊಳ್ಳಿ.

ಪ್ರಶ್ನೆ: ನಮ್ಮ ಮನೆಯವರು ದಿನಾ ಕುಡಿಯುತ್ತಾರೆ. ಪ್ರಾರ್ಥನಾ ಕೂಟದವರು ಅದು ಕುಡಿತದ ಆತ್ಮ, ಮೂರು ದಿನ ಉಪವಾಸ ಕೂರಿಸಿ ಬಿಡುಗಡೆ ಪ್ರಾರ್ಥನೆ ಮಾಡೋಣ, ಡಾಕ್ಟರ ಗುಳಿಗೆ ನಿಲ್ಲಿಸಿ ಅಂದಿದ್ದಾರೆ. ಗುಳಿಗೆ ಕೊಟ್ಟರೆ ಅದು ಅವಿಶ್ವಾಸವೇ?
– ಗಂಗಾವತಿಯ ಸಹೋದರಿ

ಉತ್ತರ: ಅಲ್ಲಮ್ಮಾ, ಅವಿಶ್ವಾಸವಲ್ಲ. ಗುಳಿಗೆ ನಿಲ್ಲಿಸಬೇಡಿ, ಮೂರು ದಿನ ಕೂರಿಸಲೂ ಬೇಡಿ. ಇದು ಜೀವದ ಪ್ರಶ್ನೆ.

ವರ್ಷಗಟ್ಟಲೆ ದಿನಾ ಹೆಚ್ಚು ಕುಡಿದ ದೇಹ ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ತಾಸಿನೊಳಗೆ ಕೈ ನಡುಕ, ಬೆವರು, ವಾಂತಿ ಶುರುವಾಗುತ್ತವೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನಕ್ಕೆ ಕೆಲವರಿಗೆ ಬುದ್ಧಿ ಕದಡಿ, ಇಲ್ಲದ್ದು ಕಾಣುತ್ತದೆ, ಕೂಗಾಡುತ್ತಾರೆ. ಇದನ್ನೇ ನೋಡಿ ‘ಆತ್ಮ ಹೊರಗೆ ಬರುತ್ತಿದೆ’ ಎಂದು ತಿಳಿದು ಕಟ್ಟಿಹಾಕಿದರೆ ಮನುಷ್ಯ ಉಳಿಯದೇ ಹೋಗಬಹುದು. ಉಪವಾಸವಿಟ್ಟರೆ ಅಪಾಯ ಇನ್ನೂ ಹೆಚ್ಚು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮನೋರೋಗ ವಿಭಾಗಕ್ಕೆ ಕರೆದೊಯ್ದು, ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಗೆ ಯಾವಾಗ ಕುಡಿದರು, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನು ಮುಚ್ಚಿಡದೆ ಹೇಳಿ. ಹೋಗುವ ಮುಂಚೆ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಫಿಟ್ಸ್ ಬಂದರೆ 108.

ದೇವರ ಬಲ ಔಷಧಿಯ ಹೊರಗೇ ಕೆಲಸ ಮಾಡಬೇಕು ಎಂದು ಬೈಬಲ್ ಎಲ್ಲೂ ಹೇಳುವುದಿಲ್ಲ. ಎಲೀಯ ಸಾವು ಬೇಡಿಕೊಂಡು ಗಿಡದ ಕೆಳಗೆ ಮಲಗಿದಾಗ ದೂತ ಮೊದಲು ತಂದದ್ದು ರೊಟ್ಟಿ ಮತ್ತು ನೀರು. ತಿಂದು ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದ. ದೇವರು ಅವನೊಡನೆ ಮಾತಾಡಿದ್ದು ಆಮೇಲೆ. ಪೌಲನ ಜೊತೆಗಿದ್ದ ಲೂಕ ‘ಪ್ರಿಯ ವೈದ್ಯ’. ಪ್ರಾರ್ಥನೆ ಖಂಡಿತ ಮಾಡಿ, ಕೂಟದವರು ಆಸ್ಪತ್ರೆಗೆ ಬಂದು ಮಂಚದ ಪಕ್ಕದಲ್ಲಿ ಮಾಡಲಿ. ಹೊರಬಂದ ಮೇಲಿನ ತಿಂಗಳುಗಳಲ್ಲಿ ಸಂಜೆ 6ರಿಂದ 9ರ ತನಕ ಅವರ ಜೊತೆ ಕೂರಲು ಸಭೆಯ ಗಂಡಸರು ಪಾಳಿ ಹಾಕಿಕೊಂಡರೆ ಅದಕ್ಕಿಂತ ದೊಡ್ಡ ಬಿಡುಗಡೆ ಪ್ರಾರ್ಥನೆ ಇಲ್ಲ. 1935ರಲ್ಲಿ ಅಮೆರಿಕದಲ್ಲಿ ಶುರುವಾದ, ಕುಡಿತ ಬಿಡಲು ಬಯಸುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳ ಮೊದಲ ಹೆಜ್ಜೆಯೂ ‘ಕುಡಿತದ ಮುಂದೆ ನನ್ನ ಬಲ ಸಾಗದು’ ಎಂದು ಒಪ್ಪಿಕೊಳ್ಳುವುದೇ. ಆದರೆ ಒಪ್ಪಿಕೊಳ್ಳಬೇಕಾದವರು ಅವರು, ಅವರ ಪರವಾಗಿ ನೀವು ಒಪ್ಪಲಾಗದು. ಕುಡಿದು ಹೊಡೆಯುತ್ತಿದ್ದರೆ ಸಹಿಸಿಕೊಂಡಿರುವುದು ಶಿಲುಬೆ ಹೊರುವುದಲ್ಲ. ಮಕ್ಕಳನ್ನು ಕರೆದುಕೊಂಡು ತವರಿಗೋ ನಂಬುವವರ ಮನೆಗೋ ಹೋಗಿ. ಮಹಿಳಾ ಸಹಾಯವಾಣಿ 181.

ಪ್ರಶ್ನೆ: ಜೀನ್ಸ್ ಹೊಲಿಯುವ ಕೆಲಸ, ದಿನಕ್ಕೆ ಹತ್ತು ತಾಸು ಮೆಷಿನ್ ಮುಂದೆ. ಪ್ರಾರ್ಥನೆಗೆ ಸಮಯವೇ ಇಲ್ಲ. ಮನೆಯಲ್ಲಿ ತೆಲುಗು, ಚರ್ಚಿನಲ್ಲಿ ಕನ್ನಡ. ಯಾವ ಭಾಷೆಯಲ್ಲಿ ಪ್ರಾರ್ಥಿಸಲಿ?
– ಬಳ್ಳಾರಿಯ ಸಹೋದರಿ

ಉತ್ತರ: ಅಳು ಬಂದಾಗ ಬಾಯಿಗೆ ಯಾವ ಭಾಷೆ ಬರುತ್ತದೋ ಅದರಲ್ಲಿ. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ವರ್ಷಗಟ್ಟಲೆ ದುಡಿದದ್ದರ ಫಲವಾಗಿ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಜನ ಅಡುಗೆಮನೆಯಲ್ಲಿ ಆಡುವ ಮಾತಿನಲ್ಲಿ ದೇವರ ಮಾತನ್ನು ಕೇಳಲಿ ಎಂಬುದೇ ಅಂಥ ಕೆಲಸದ ಗುರಿ. ನಿಮಗೆ ಆ ಮಾತು ತೆಲುಗಾದರೆ ತೆಲುಗೇ.

ಸಮಯಕ್ಕೆ, ಬಾಬಿನ್ ಬದಲಿಸುವ ಗಳಿಗೆ ಹಿಡಿಯಿರಿ. ಸೂಜಿ ಓಡುವಾಗ ಕಣ್ಣು ಮುಚ್ಚಬೇಡಿ, ಬೆರಳು ಹೋಗುತ್ತದೆ. ಬಾಬಿನ್ ತೆಗೆದು ಹಾಕುವ ಅಷ್ಟು ಹೊತ್ತಿನಲ್ಲಿ ‘ಕರ್ತನೇ ಯೇಸುವೇ, ನನ್ನನ್ನು ಕರುಣಿಸು’ ಅನ್ನಿ. ಹೊಸ ಬಂಡಲ್ ಬಂದಾಗ ಒಬ್ಬರ ಹೆಸರು ಹೇಳಿ. ಮನಸ್ಸು ಅಲೆದಾಡಿದ್ದು ಗೊತ್ತಾದಾಗ ಬೈದುಕೊಳ್ಳದೆ ಮತ್ತೆ ಆ ಮಾತಿಗೆ ಬನ್ನಿ.

ಪ್ರಶ್ನೆ: ಮೂರು ವರ್ಷ ಪ್ರಾರ್ಥಿಸಿದರೂ ಒಳಗಿನ ಭಯ ಹೋಗಿಲ್ಲ. ನಂಬಿಕೆ ಸಾಲದು ಅನ್ನುತ್ತಾರೆ.
– ಕೊಪ್ಪಳದ ಓದುಗರು

ಉತ್ತರ: ಪೌಲನಿಗೂ ನಂಬಿಕೆ ಸಾಲದೇ? ಮೈಯೊಳಗಿನ ಮುಳ್ಳು ತೆಗೆ ಎಂದು ಅವನು ಮೂರು ಸಲ ಬೇಡಿದ, ಮುಳ್ಳು ಉಳಿಯಿತು, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು. ಮುಳ್ಳು ಏನೆಂದು ಅವನು ಹೇಳಲಿಲ್ಲ, ಆದ್ದರಿಂದ ನಿಮ್ಮ ಭಯಕ್ಕೂ ಅಲ್ಲಿ ಜಾಗವಿದೆ. ಕ್ರಿಸ್ತನ ಬಲ ತನ್ನ ಮೇಲೆ ‘ನೆಲೆಸುವಂತೆ’ ಎಂದು 2 ಕೊರಿಂಥ 12:9ರಲ್ಲಿ ಬಳಸಿದ ಗ್ರೀಕ್ ಪದಕ್ಕೆ ಮೇಲೆ ಗುಡಾರ ಹಾಕುವುದು ಎಂದು ಅರ್ಥ. ಬಿಸಿಲು ಹೋಗಲಿಲ್ಲ, ನೆರಳು ಬಂತು. 13ನೇ ಕೀರ್ತನೆಯನ್ನು ದಿನಾ ಓದಿ, ಬರೀ ಆರು ವಚನ. ಮೊದಲೆರಡರಲ್ಲೇ ‘ಎಷ್ಟರ ವರೆಗೆ’ ಎಂಬ ಕೂಗು ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಹಾಡು. ಹಾಡು ಬಾರದ ದಿನ 88ನೇ ಕೀರ್ತನೆ ಇದೆ, ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಬೈಬಲಿನಲ್ಲಿದೆ. ಭಯದಿಂದ ನಿದ್ದೆ, ಊಟ ಕೆಟ್ಟಿದ್ದರೆ ಡಾಕ್ಟರನ್ನೂ ಕಾಣಿ. ಮೇಲೆ ಹೇಳಿದ 14416 ನಿಮಗೂ ಇದೆ.

ಪ್ರಶ್ನೆ: ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ, ವಯಸ್ಸು 63. ಈಸ್ಟರಿಗೆ ಮುಂಚಿನ ತಪಸ್ಸುಕಾಲದ 40 ದಿನ ಉಪವಾಸ ಮಾಡಬಹುದೇ?
– ರಾಯಚೂರಿನ ಓದುಗರು

ಉತ್ತರ: ಊಟ ಬಿಡುವ ಉಪವಾಸ ಬೇಡ. ಕಥೋಲಿಕ ಸಭೆಯ ನಿಯಮದಲ್ಲೇ ಉಪವಾಸದ ಕಟ್ಟಳೆ 18ರಿಂದ 59 ವರ್ಷದವರಿಗೆ, ಅದೂ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎರಡು ದಿನ, ಒಂದು ಪೂರ್ತಿ ಊಟ, ಎರಡು ಸಣ್ಣ ಆಹಾರ. ನೀವು ವಯಸ್ಸಿನಿಂದಲೂ ಕಾಯಿಲೆಯಿಂದಲೂ ಆಚೆ ಇದ್ದೀರಿ. ಇನ್ಸುಲಿನ್ ಹಾಕಿಕೊಂಡು ಊಟ ಬಿಟ್ಟರೆ ಸಕ್ಕರೆ ಇಳಿದು ಬೆವರು, ನಡುಕ, ತಲೆತಿರುಗು ಬಂದು ಪ್ರಜ್ಞೆಯೂ ತಪ್ಪಬಹುದು. ರಾಯಚೂರಿನ ಬೇಸಿಗೆಯಲ್ಲಿ ನೀರು ಬಿಡುವುದಂತೂ ಬೇಡವೇ ಬೇಡ. ಬದಲಿಗೆ ಟಿವಿಯ ಒಂದು ತಾಸು ಬಿಡಿ, ಆ ತಾಸಿನಲ್ಲಿ ಲೂಕನ ಸುವಾರ್ತೆ ಓದಿ. 24 ಅಧ್ಯಾಯ, ದಿನಕ್ಕೊಂದರಂತೆ ಓದಿದರೂ ತಪಸ್ಸುಕಾಲ ಮುಗಿಯುವುದರೊಳಗೆ ಮುಗಿದು ದಿನ ಉಳಿಯುತ್ತವೆ.