ದರ್ಘಾಸ್, ಅಪೇಕ್ಷ, ನಿರೀಕ್ಷಣ: ಕಾಸರಗೋಡಿನಿಂದ ಒಂದು ಉತ್ತರ

ಬೆಂಗಳೂರಿನಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಮೊನ್ನೆ ಫೋನಿನಲ್ಲಿ ಕೇಳಿದರು: "ಕಸ ಎಸೆಯುವವರನ್ನು ಹಿಡಿಯಲು ಪಂಚಾಯತಿನವರು ನಾಲ್ಕು ಕ್ಯಾಮರಾ ಹಾಕಿದರೆ ನಿಮಗೇನು ತೊಂದರೆ? ಅದರ ಕಾಗದಪತ್ರ ಮಲಯಾಳದಲ್ಲಿದೆ ಎಂದು ದೂರುವ ಬದಲು ಇಷ್ಟು ವರ್ಷಗಳಲ್ಲಿ ಮಲಯಾಳ ಕಲಿಯಬಹುದಿತ್ತಲ್ಲ?" ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ ಎಂದು ನನಗೆ ಗೊತ್ತು. ಆದರೂ ಆ ಮಾತು ರಾತ್ರಿಯೆಲ್ಲ ಕೊರೆಯಿತು. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮಲಯಾಳ ನಮಗೆ ಬರುತ್ತದೆ. ಸಪ್ತಭಾಷಾ ಸಂಗಮಭೂಮಿ ಎಂದು ಕರೆಸಿಕೊಳ್ಳುವ ಈ ನೆಲದಲ್ಲಿ ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಮೀನಿನ ಮಾರುಕಟ್ಟೆಯಲ್ಲಿ ಬ್ಯಾರಿ ಎಂದು ಒಂದೇ ದಿನದಲ್ಲಿ ನಾಲ್ಕು ಭಾಷೆಗಳನ್ನು ದಾಟುವುದು ನಮಗೆ ಸಹಜ. ಆದರೆ ಒಂದರಿಂದ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರಿಗೆ ಆಡುವ ಮಲಯಾಳ ಬೇರೆ, ಸರ್ಕಾರಿ ಕಡತದ ಮಲಯಾಳ ಬೇರೆ. ನಾವು ಎಲ್ಲಿಂದಲೋ ವಲಸೆ ಬಂದು ಇಲ್ಲಿ ನೆಲೆಸಿದವರೂ ಅಲ್ಲ. 1956ರ ನವೆಂಬರ್ 1ರಂದು ಕಾಸರಗೋಡನ್ನು ದಕ್ಷಿಣ ಕನ್ನಡದಿಂದ ಬೇರ್ಪಡಿಸಿ ಕೇರಳಕ್ಕೆ ಸೇರಿಸಿದಾಗ ನಮ್ಮ ಅಜ್ಜಂದಿರು ಇದ್ದ ಮನೆಯಲ್ಲಿಯೇ ಇದ್ದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿತು, ಅದು ಜಾರಿಗೆ ಬರಲಿಲ್ಲ. ಆ ಕತೆಯನ್ನು ಇಲ್ಲಿ ಮತ್ತೆ ಕೆದಕುವುದಿಲ್ಲ.

ನಮ್ಮ ಪಂಚಾಯತುಗಳ ಬಗ್ಗೆ ನನಗೆ ಅಭಿಮಾನವಿದೆ ಎಂಬುದನ್ನೂ ಮೊದಲೇ ಹೇಳಬೇಕು. 1996ರ ಜನಕೀಯ ಯೋಜನೆಯ, ಅಂದರೆ ಜನರೇ ಊರಿನ ಯೋಜನೆ ರೂಪಿಸುವ ವ್ಯವಸ್ಥೆಯ, ಕಾಲದಿಂದ ಕೇರಳದ ಗ್ರಾಮ ಪಂಚಾಯತುಗಳ ಕೈಯಲ್ಲಿ ನಿಜವಾದ ಹಣವಿದೆ, ನಿಜವಾದ ಅಧಿಕಾರವಿದೆ. ಇಲ್ಲಿ ಗ್ರಾಮಸಭೆಯೆಂದರೆ ವಾರ್ಡಿನ ಸಭೆ. ಅದನ್ನು ಮೂರು ತಿಂಗಳಿಗೊಮ್ಮೆ ಕರೆಯುವ ಹೊಣೆ ವಾರ್ಡಿನ ಸದಸ್ಯರದ್ದು, ಹತ್ತರಲ್ಲೊಂದು ಪಾಲು ಮತದಾರರು ಸೇರಿದರೆ ಕೋರಂ. ಸ್ಥಳೀಯ ಸಂಸ್ಥೆಗಳ ಮೇಲಿನ ದೂರುಗಳನ್ನು ಕೇಳುವುದಕ್ಕೆಂದೇ ತಿರುವನಂತಪುರದಲ್ಲಿ ಓಂಬುಡ್ಸ್‌ಮನ್ ಇದ್ದಾರೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿದ್ದರು ಎಂಬುದನ್ನು ನಮ್ಮೂರಿನ ಹಿರಿಯರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಪಂಚಾಯತನ್ನು ದೂರದ ಕಚೇರಿಯೆಂದು ನಾವು ಎಣಿಸಿದವರಲ್ಲ. ಅದು ನಮ್ಮದು, ಆದ್ದರಿಂದಲೇ ಅದರ ಕಡತ ನಮಗೆ ಓದಲು ಸಿಗಬೇಕು.

ಈಗ ಕ್ಯಾಮರಾದ ವಿಷಯ. ನಮ್ಮ ವಾರ್ಡಿನ ರಸ್ತೆ ತಿರುವಿನಲ್ಲಿ ರಾತ್ರಿ ಹೊತ್ತು ವಾಹನಗಳಲ್ಲಿ ತಂದು ಚೀಲಗಟ್ಟಲೆ ಕೋಳಿ ತ್ಯಾಜ್ಯ ಸುರಿಯುತ್ತಿದ್ದರು. ಹರಿತ ಕರ್ಮ ಸೇನೆಯ ಹೆಂಗಸರು ಮನೆಮನೆಗೆ ಬಂದು, ತಿಂಗಳಿಗೆ 50 ರೂಪಾಯಿ ಪಡೆದು ಪ್ಲಾಸ್ಟಿಕ್ ಒಯ್ಯುತ್ತಾರೆ. ಅವರಿಂದ ತಪ್ಪಿಸಿಕೊಂಡು ಸುರಿಯುವವರನ್ನು ಹಿಡಿಯಬೇಕೆಂಬುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ನಾನೂ ಗ್ರಾಮಸಭೆಯಲ್ಲಿ ಕೈ ಎತ್ತಿದೆ. ಕಂಬ ನಿಂತ ಮೇಲೆ ನೋಡಿದರೆ ಕ್ಯಾಮರಾದ ಮುಖ ತಿರುವಿನ ಕಡೆಗೆ ಎಷ್ಟಿದೆಯೋ ಅಷ್ಟೇ ರಸ್ತೆಯ ಕೆಳಬದಿಯ ಮನೆಯ ಅಂಗಳದ ಕಡೆಗೂ ಇದೆ. ಆ ಮನೆಯ ಸೊಸೆ ಬಟ್ಟೆ ಒಣಗಿಸುವ ಹಗ್ಗಕ್ಕೆ ಅಡ್ಡಲಾಗಿ ನೀಲಿ ಟರ್ಪಾಲು ಕಟ್ಟಿದ್ದಾರೆ. ಮಳೆಗಾಲ ಮುಗಿದು ತಿಂಗಳುಗಳಾದವು, ಟರ್ಪಾಲು ಮಾತ್ರ ಇಳಿದಿಲ್ಲ. ಪಂಚಾಯತು ಕಚೇರಿಯಲ್ಲಿ ಆ ಅಂಗಳ ಕಾಣುವ ಪರದೆಯನ್ನು ಇಟ್ಟಿರುವುದು ಮನೆ ತೆರಿಗೆ ಕಟ್ಟಲು ಬಂದವರೆಲ್ಲ ನಿಲ್ಲುವ ಜಾಗದಲ್ಲಿ.

ನಾನು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಕಡತದ ಪ್ರತಿ ತರಿಸಿದೆ. 41 ಪುಟ, ಬಹುಪಾಲು ಮಲಯಾಳದಲ್ಲಿ. ನೆರೆಮನೆಯ ಹುಡುಗಿ ಮಲಯಾಳ ಓದಿದವಳು, ಎರಡು ಸಂಜೆ ಕುಳಿತು ಓದಿ ಹೇಳಿದಳು. ನನ್ನ ಪಕ್ಕದಲ್ಲಿ ಕುಳಿತಿದ್ದ ದೊಡ್ಡಪ್ಪ "ದರ್ಘಾಸ್" ಎಂಬ ಪದ ಕೇಳಿದ ಕೂಡಲೇ ಯಾರಿಗೆ ಎಷ್ಟು ಸೆಂಟ್ಸ್ ಜಾಗ ಸಿಕ್ಕಿತೆಂದು ವಿಚಾರಿಸಿದರು. ನಮ್ಮ ಹಳೆಯ ದಕ್ಷಿಣ ಕನ್ನಡದ ರೂಢಿಯಲ್ಲಿ ದರ್ಖಾಸ್ತು ಎಂದರೆ ಸರ್ಕಾರಿ ಭೂಮಿಗಾಗಿ ಕೊಡುವ ಅರ್ಜಿ, ಮಲಯಾಳದಲ್ಲಿ ದರ್ಘಾಸ್ ಎಂದರೆ ಟೆಂಡರ್. ಅವರ ಅಪೇಕ್ಷ ನಮಗೆ ಅರ್ಜಿ, ನಮ್ಮ ಅಪೇಕ್ಷೆ ಮನಸ್ಸಿನ ಬಯಕೆ. ಅವರ ಅವಧಿ ರಜೆಯೂ ಆಗುತ್ತದೆ, ನಮಗೆ ಅದು ಕಾಲಮಿತಿ ಮಾತ್ರ. ಕಡತದುದ್ದಕ್ಕೂ ಇದ್ದ "ನಿರೀಕ್ಷಣ ಕ್ಯಾಮರಾ" ಎಂದರೆ ಕಣ್ಗಾವಲು ಕ್ಯಾಮರಾ. ಕನ್ನಡದ ಕಿವಿಗೆ ನಿರೀಕ್ಷಣೆಯೆಂದರೆ ಏನನ್ನೋ ಕಾಯುತ್ತಾ ಕೂರುವುದು. ಒಂದೂ ತಿಳಿಯದ ಭಾಷೆಯಾಗಿದ್ದರೆ ನಾವು ಎಚ್ಚರದಿಂದ ಯಾರನ್ನಾದರೂ ಕೇಳುತ್ತಿದ್ದೆವು. ತಿಳಿದಂತೆ ಕಾಣುವ ಪದಗಳಿಗೆ ತಪ್ಪು ಅರ್ಥ ಮಾಡಿಕೊಂಡು, ಸರಿ ಎಂದು ತಲೆಯಾಡಿಸಿ ಮನೆಗೆ ಬರುತ್ತೇವೆ. ನನ್ನ ವಾರ್ಡಿನಲ್ಲಿ ನಾನು ದಿನವೂ ಸೆಣಸುವ ಗಂಟು ಇದು.

ಎರಡನೆಯ ಸಂಜೆ ಓದಿ ಮುಗಿದಾಗ ತಿಳಿದದ್ದಿಷ್ಟು. ಕಂಬದ ಎತ್ತರ, ಕ್ಯಾಮರಾದ ಸಾಮರ್ಥ್ಯ, ಕೇಬಲಿನ ಉದ್ದ, ವಾರಂಟಿಯ ವರ್ಷ ಎಲ್ಲವೂ ಇವೆ. ದೃಶ್ಯಗಳನ್ನು ಎಷ್ಟು ದಿನ ಇಡಬೇಕು, ಯಾರು ನೋಡಬಹುದು, ನೋಡಿದ್ದಕ್ಕೆ ದಾಖಲೆ ಪುಸ್ತಕ ಇರಬೇಕೇ, ಪೊಲೀಸರು ಕೇಳಿದರೆ ಯಾವ ಪತ್ರದ ಮೇಲೆ ಕೊಡಬೇಕು ಎಂಬ ಒಂದು ಸಾಲೂ ಇಲ್ಲ. ನಿರ್ವಹಣೆಯ ಷರತ್ತಿನಲ್ಲಿ ಮಾತ್ರ, ದುರಸ್ತಿಗಾಗಿ ಸರಬರಾಜುದಾರರು ದೂರದಿಂದಲೇ ವ್ಯವಸ್ಥೆಯೊಳಗೆ ಬರಬಹುದು ಎಂದಿದೆ. ಅಂದರೆ ಆ ಅಂಗಳ ಕಚೇರಿಯಲ್ಲಿ ಸಾಲು ನಿಂತವರಿಗೆ ಕಾಣುವುದಲ್ಲದೆ, ನಾವು ಮುಖವನ್ನೇ ನೋಡದ ಗುತ್ತಿಗೆದಾರನೊಬ್ಬನ ಕಂಪ್ಯೂಟರಿನಲ್ಲಿಯೂ ಕಾಣಬಹುದು. ಬೆಂಗಳೂರಿನ ಸ್ನೇಹಿತರು ಗಮನಿಸಬೇಕಾದದ್ದು ಇದನ್ನೇ: ರಸ್ತೆ ಬದಿಯ ಇಂಥ ಕ್ಯಾಮರಾವನ್ನು ಹೇಗೆ ಬಳಸಬೇಕೆಂದು ನಮ್ಮ ಪಂಚಾಯತಿನಲ್ಲಿ ಬೇರೆ ಯಾವ ನಿಯಮಾವಳಿಯೂ ಇಲ್ಲದಿರುವಾಗ ಟೆಂಡರಿನ ಷರತ್ತೇ ನಿಯಮವಾಗಿಬಿಡುತ್ತದೆ. ಖರೀದಿಯ ಕಾಗದವನ್ನು ಓದಲಾಗದವನಿಗೆ ಕಣ್ಗಾವಲಿನ ಮೇಲೆ ಕಣ್ಣಿಡುವ ದಾರಿಯೂ ಮುಚ್ಚಿಹೋಗುತ್ತದೆ. 2023ರಲ್ಲಿ ರಾಜ್ಯದ ರಸ್ತೆಗಳಲ್ಲಿ 726 ಕ್ಯಾಮರಾಗಳನ್ನು, ಅವುಗಳಲ್ಲಿ ಬಹುಪಾಲು ಎಐ ಕ್ಯಾಮರಾಗಳನ್ನು, ಹಾಕಿದಾಗ ಅದರ ಗುತ್ತಿಗೆ, ಉಪಗುತ್ತಿಗೆಗಳ ಬಗ್ಗೆ ವಿರೋಧ ಪಕ್ಷದ ನಾಯಕರು ಹೈಕೋರ್ಟಿನವರೆಗೆ ಹೋದರು. ಅವರಿಗೆ ಕಾಗದ ಓದಲು ಬರುತ್ತಿತ್ತು.

ಪೊಲೀಸ್ ಠಾಣೆಗಳಲ್ಲಿ ಕ್ಯಾಮರಾ ಇರಬೇಕೆಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದಾಗ, ಅವುಗಳ ಮೇಲ್ವಿಚಾರಣೆಗೆ ಜಿಲ್ಲಾ ಸಮಿತಿ ಮಾಡಿ, ಅದರಲ್ಲಿ ನಗರದ ಮೇಯರ್ ಅಥವಾ ಗ್ರಾಮೀಣ ಭಾಗದಲ್ಲಿ ಜಿಲ್ಲಾ ಪಂಚಾಯತಿನ ಮುಖ್ಯಸ್ಥರು ಇರಬೇಕೆಂದು ಹೇಳಿತು. ಠಾಣೆಯ ಕ್ಯಾಮರಾವನ್ನು ನೋಡಿಕೊಳ್ಳಲು ಜನಪ್ರತಿನಿಧಿ ಬೇಕು ಎಂದಾದರೆ ಜನಪ್ರತಿನಿಧಿಗಳೇ ಹಾಕಿಸಿದ ಕ್ಯಾಮರಾವನ್ನು ನೋಡಿಕೊಳ್ಳುವವರು ಯಾರು? ನನ್ನ ಮಟ್ಟಿಗೆ ಉತ್ತರ ಗ್ರಾಮಸಭೆ. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಒಬ್ಬ ಹಿರಿಯ ಕನ್ನಡಿಗರು ಇಡೀ ದೇಶಕ್ಕೆ ಗಳಿಸಿಕೊಟ್ಟ ಆ ಹಕ್ಕು ನೀಲಿ ಟರ್ಪಾಲಿನ ಹಿಂದೆ ಬಟ್ಟೆ ಒಣಗಿಸುವ ಆ ಹೆಣ್ಣುಮಗಳಿಗೂ ಸೇರಿದ್ದು.

ಕನ್ನಡದಲ್ಲಿ ಕೇಳುವುದು ನಮ್ಮ ಹಟವೇ? ಹಾಗಲ್ಲ. ರಾಜ್ಯದ ಅಧಿಕೃತ ಭಾಷೆಗಳ 1969ರ ಕಾಯ್ದೆಯಲ್ಲಿಯೇ, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿಸಿದ ಕಡೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿದೆ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ತಾನಾಗಿ ಪ್ರಕಟಿಸಬೇಕಾದ ಮಾಹಿತಿಯನ್ನು ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು ಹಂಚಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಂ ಹೇಳುತ್ತದೆ. ಅದೇ ಕಾಯ್ದೆಯ 6ನೆಯ ಕಲಂ ಅರ್ಜಿಯು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕೆನ್ನುತ್ತದೆ. ನಮ್ಮ ಪ್ರದೇಶದ ಅಧಿಕೃತ ಭಾಷೆ ಯಾವುದೆಂಬ ಪ್ರಶ್ನೆ ಅಲ್ಲಿಗೆ ಎದ್ದು ನಿಲ್ಲುತ್ತದೆ. ನಾನು ಕನ್ನಡದಲ್ಲಿ ಕೊಟ್ಟ ಮೊದಲ ಅರ್ಜಿ ಕೌಂಟರಿನಿಂದಲೇ ಹಿಂದಿರುಗಿತು, ಇಂಗ್ಲಿಷಿನಲ್ಲಿ ಬರೆದದ್ದನ್ನು ತೆಗೆದುಕೊಂಡರು. ಚುನಾವಣೆಯಲ್ಲಿ ಅಭ್ಯರ್ಥಿಗಳ ಹೆಸರನ್ನು ನಮಗಾಗಿ ಕನ್ನಡದಲ್ಲಿಯೂ ಮುದ್ರಿಸುತ್ತಾರೆ, ಮಂಜೇಶ್ವರದ ಶಾಸಕರು 2021ರಲ್ಲಿ ವಿಧಾನಸಭೆಯಲ್ಲಿ ಕನ್ನಡದಲ್ಲಿಯೇ ಪ್ರಮಾಣವಚನ ಸ್ವೀಕರಿಸಿದರು. ಮತಕ್ಕೂ ಪ್ರಮಾಣಕ್ಕೂ ಒದಗಿದ ಭಾಷೆ ಲೆಕ್ಕ ಒಪ್ಪಿಸುವ ಹೊತ್ತಿಗೆ ಯಾಕೆ ಒದಗುವುದಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

"ಅಷ್ಟು ಕಷ್ಟವಾದರೆ ಈಚೆ ಕರ್ನಾಟಕಕ್ಕೆ ಬಂದುಬಿಡಿ" ಎಂದೂ ಆ ಬೆಂಗಳೂರಿನ ಸ್ನೇಹಿತರು ಹೇಳಿದರು. ಗಡಿಯ ತಲಪಾಡಿಯಿಂದ ಮಂಗಳೂರಿಗೆ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ನಮ್ಮ ಆಸ್ಪತ್ರೆ, ಕಾಲೇಜು, ಅಡಕೆಯ ವ್ಯಾಪಾರ ಎಲ್ಲವೂ ಆ ಕಡೆಗೆ. 2020ರ ಮಾರ್ಚಿನಲ್ಲಿ ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರು ಈಚೆ ಉಳಿದರು. ಅಂದು ಆ ಮಣ್ಣಿನ ದಿಬ್ಬದ ಆಚೆಗೆ ನಾವು ಕೇರಳದವರು, ಪಂಚಾಯತಿನ ಕೌಂಟರಿನ ಈಚೆಗೆ ಕನ್ನಡದವರು. ಎರಡೂ ನಿಜ, ಎರಡನ್ನೂ ನಾನು ಬಿಡುವುದಿಲ್ಲ. ತೆರಿಗೆ ಕಟ್ಟುವ ಪಂಚಾಯತು ಇದು, ಕೈ ಎತ್ತಿ ಒಪ್ಪಿಗೆ ಕೊಟ್ಟ ಕ್ಯಾಮರಾವೂ ಇಲ್ಲಿಯದು. ಲೆಕ್ಕ ಕೇಳಬೇಕಾದದ್ದೂ ಇಲ್ಲಿಯೇ.

ಮುಂದಿನ ಗ್ರಾಮಸಭೆಗೆ ಐದು ಪ್ರಶ್ನೆಗಳನ್ನು ಬರೆದಿಟ್ಟಿದ್ದೇನೆ. ದೃಶ್ಯಗಳನ್ನು ಎಷ್ಟು ದಿನಕ್ಕೆ ಅಳಿಸುತ್ತೀರಿ, ಪರದೆಯನ್ನು ಒಳಕೋಣೆಗೆ ಯಾವಾಗ ಸಾಗಿಸುತ್ತೀರಿ, ಗುತ್ತಿಗೆದಾರರ ಪ್ರವೇಶವನ್ನು ಯಾರು ಗಮನಿಸುತ್ತಾರೆ, ಕ್ಯಾಮರಾದ ಮುಖವನ್ನು ಅಂಗಳದಿಂದ ಯಾವಾಗ ತಿರುಗಿಸುತ್ತೀರಿ, ಇದರ ಷರತ್ತುಗಳ ಕನ್ನಡ ಪ್ರತಿಯನ್ನು ಫಲಕದಲ್ಲಿ ಎಂದು ಹಾಕುತ್ತೀರಿ. ಉತ್ತರಗಳು ಮಿನಿಟ್ಸ್ ಪುಸ್ತಕದಲ್ಲಿ ದಾಖಲಾಗಬೇಕೆಂದೂ ಕೇಳಲಿದ್ದೇನೆ. ಕಾಗದದ ಒಂದು ಬದಿಯಲ್ಲಿ ನನ್ನ ಕನ್ನಡವಿದೆ, ಇನ್ನೊಂದು ಬದಿಯಲ್ಲಿ ನೆರೆಮನೆಯ ಹುಡುಗಿ ಅದನ್ನೇ ದುಂಡಗಿನ ಮಲಯಾಳ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದಾಳೆ.