ನೆಲದ ಮಾತು: ಗುಡ್ಡದ ಮೇಲೆ ಫ್ಯಾನು ಬಂದರೆ ಊರು ಏನು ಕೇಳಬೇಕು?

(ಜಮೀನು, ಪಹಣಿ, ಪರಿಹಾರದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಮಧುಗಿರಿಯ ನಿವೃತ್ತ ಶಿರಸ್ತೇದಾರರೊಬ್ಬರ ಉತ್ತರ)

ಪ್ರಶ್ನೆ: ನಮ್ಮದು ಶಿರಾ ತಾಲ್ಲೂಕಿನ ಹಳ್ಳಿ. ಊರ ಹಿಂದಿನ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನು ನಿಲ್ಲಿಸಲು ಕಂಪನಿಯವರು ಬಂದಿದ್ದಾರೆ. ಗುಡ್ಡದ ಬುಡದಲ್ಲಿ ಗೋಮಾಳ ಇದೆ, ನಮ್ಮ ಕುರಿ ಮೇಯುವುದು ಅಲ್ಲೇ. ದಾರಿ ಅಗಲ ಮಾಡಲು ಆಗಲೇ ಜೆಸಿಬಿ ಬಂತು. ಊರಿನವರನ್ನು ಕೂರಿಸಿ ಯಾರೂ ಮಾತಾಡಿಲ್ಲ. ಕೇಳಿದರೆ, 'ಇದಕ್ಕೆ ಸಾರ್ವಜನಿಕ ಸಭೆ ಬೇಕಿಲ್ಲ, ಅಭಿವೃದ್ಧಿಗೆ ಅಡ್ಡ ಬರಬೇಡಿ' ಅಂತಾರೆ. ನಮಗೆ ಕೇಳುವ ಹಕ್ಕೇ ಇಲ್ವಾ? ಫ್ಯಾನು ತಿರುಗಿದರೆ ಮೋಡ ಚದುರಿ ಮಳೆ ಹೋಗುತ್ತದೆ ಅಂತ ಹಿರಿಯರು ಹೇಳುತ್ತಾರೆ. ಅರ್ಜಿಯಲ್ಲಿ ಅದನ್ನೂ ಬರೆಯೋಣವೇ?

ಉತ್ತರ: ಸಾರ್ವಜನಿಕ ಸಭೆ ಬೇಕಿಲ್ಲ ಅನ್ನುವುದು ಕಾನೂನಿನ ಪ್ರಕಾರ ನಿಜ. ಯಾವ ಯೋಜನೆಗೆ ಪರಿಸರ ಅನುಮತಿ ಬೇಕು, ಜನರ ಅಹವಾಲು ಸಭೆ ಬೇಕು ಅಂತ 2006ರ ಅಧಿಸೂಚನೆಯಲ್ಲಿ ಒಂದು ಪಟ್ಟಿ ಇದೆ. ಗಾಳಿ ವಿದ್ಯುತ್ತು ಆ ಪಟ್ಟಿಯಲ್ಲಿ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಇದನ್ನು ಬಿಳಿ ವರ್ಗಕ್ಕೆ ಸೇರಿಸಿತು, ಅಂದರೆ ಮಾಲಿನ್ಯ ಇಲ್ಲದ ಉದ್ಯಮ. ಹೊಗೆಯ ಮಟ್ಟಿಗೆ ಅದು ಸರಿ. ಆದರೆ ಹುಲ್ಲು ಎಷ್ಟು ಹೋಯಿತು, ಗುಡ್ಡದ ನೀರು ಕೆರೆಗೆ ಇಳಿಯುವ ಹಳ್ಳ ಎಲ್ಲಿ ಮುಚ್ಚಿತು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಊರು ಕೂತು ಮಾತಾಡಲು ಕಾನೂನು ಜಾಗ ಕೊಟ್ಟಿಲ್ಲ. ಆ ಜಾಗವನ್ನು ನೀವೇ ಮಾಡಿಕೊಳ್ಳಬೇಕು.

ಮೊದಲು ತಿಳಿಯಬೇಕಾದದ್ದು ಒಂದೇ. ಫ್ಯಾನು ನಿಲ್ಲುವ ಸರ್ವೆ ನಂಬರು ಯಾವುದು? ದಾರಿ ಹೋಗುವ ಸರ್ವೆ ನಂಬರು ಯಾವುದು? ದಾರಿಯನ್ನು ಜನ ಮರೆಯುತ್ತಾರೆ. ಈಗಿನ ರೆಕ್ಕೆಗಳು ಅರವತ್ತು, ಎಪ್ಪತ್ತು ಮೀಟರ್ ಉದ್ದ ಇರುತ್ತವೆ. ಅದನ್ನು ಹೊತ್ತ ಟ್ರೈಲರ್ ಗುಡ್ಡ ಹತ್ತಬೇಕಾದರೆ ತಿರುವುಗಳನ್ನೆಲ್ಲ ಕಡಿದು ಅಗಲ ಮಾಡಬೇಕು. ಫ್ಯಾನಿನ ಬುಡಕ್ಕಿಂತ ಈ ದಾರಿಗೇ ಮಣ್ಣು ಜಾಸ್ತಿ ಹೋಗುವುದುಂಟು. ಮಳೆಗಾಲದಲ್ಲಿ ಆ ಮಣ್ಣು ಬಂದು ಕೂರುವುದು ನಿಮ್ಮ ಕೆರೆಯಲ್ಲಿ.

ಸರ್ವೆ ನಂಬರು ಸಿಕ್ಕ ಮೇಲೆ ಪಹಣಿ ತೆಗೆಸಿ. ಗೋಮಾಳ ಅಂತ ಇದ್ದರೆ ನಿಮ್ಮ ಮಾತಿಗೆ ಬಲ ಇದೆ. ಭೂ ಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಅದು ಊರ ದನಕರುಗಳಿಗೆ ಅಂತ ಕಾದಿರಿಸಿದ ಜಮೀನು. 1966ರ ನಿಯಮಗಳ 97ನೇ ನಿಯಮ ಇನ್ನೂ ಸ್ಪಷ್ಟ. ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು ಮೂವತ್ತು ಎಕರೆ ಮೇವಿಗೆ ಇರಬೇಕು. ಪಶುಆಸ್ಪತ್ರೆಯಿಂದ ನಿಮ್ಮ ಊರಿನ ಜಾನುವಾರು ಗಣತಿ ತನ್ನಿ, ಪಹಣಿಯ ಪಕ್ಕ ಇಡಿ. ಕೊರತೆ ಕಂಡರೆ ಅದನ್ನೇ ಅರ್ಜಿಯ ಮೊದಲ ಸಾಲು ಮಾಡಿ ಜಿಲ್ಲಾಧಿಕಾರಿಗೆ ಕೊಡಿ. ನಾನು ಕಚೇರಿಯಲ್ಲಿ ಇದ್ದಾಗ ಕಂಡದ್ದು ಇದು: 'ನಮಗೆ ಅನ್ಯಾಯ ಆಗಿದೆ' ಅನ್ನುವ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಸರ್ವೆ ನಂಬರು, ಎಕರೆ, ದನದ ಲೆಕ್ಕ ಇರುವ ಅರ್ಜಿಗೆ ಅಧಿಕಾರಿ ಉತ್ತರ ಬರೆಯಲೇಬೇಕಾಗುತ್ತದೆ.

ಅರಣ್ಯ ಅಂತ ದಾಖಲೆ ಇದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬರುತ್ತದೆ. ಕೇಂದ್ರದ ಅನುಮತಿ ಇಲ್ಲದೆ ಅಲ್ಲಿ ಜೆಸಿಬಿ ಇಳಿಯುವ ಹಾಗಿಲ್ಲ. ನಿಮ್ಮ ತಾಲ್ಲೂಕಿನಲ್ಲೇ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ವನ್ಯಧಾಮ ಆಯಿತು. ನಮ್ಮ ಮಧುಗಿರಿಯ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಹುಲ್ಲುಗಾವಲು ಇದೆ. ಬರೀ ಬಂಡೆ, ಕುರುಚಲು ಅಂತ ಹೊರಗಿನವರು ಅಂದುಕೊಳ್ಳುವ ನೆಲ ಇದೇ. ಮಹಾರಾಷ್ಟ್ರದ ಸಾತಾರಾ ಬಳಿ ಚಾಳಕೇವಾಡಿಯ ಗುಡ್ಡದ ಬಯಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಫ್ಯಾನು ಇರುವ ಕಡೆ ಬೇಟೆಯಾಡುವ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ ಇದ್ದವು. ಹದ್ದು, ಗಿಡುಗ ಇಲ್ಲದ ಕಡೆ ಓತಿಕ್ಯಾತಗಳು ಹೆಚ್ಚಿದ್ದವು. ಮಾಲಿನ್ಯ ಇಲ್ಲ ಅಂದ ಮಾತ್ರಕ್ಕೆ ಏನೂ ಆಗುವುದಿಲ್ಲ ಅಂತಲ್ಲ, ಅಲ್ವಾ?

ಮನೆಗಳಿಂದ ದೂರ ಎಷ್ಟು ಅಂತ ಅಳೆಸಿ. ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವಾಲಯದ 2016ರ ಮಾರ್ಗಸೂಚಿಯಲ್ಲಿ ಜನವಸತಿಯಿಂದ ಕನಿಷ್ಠ 500 ಮೀಟರ್ ಅಂತ ಇದೆ. ಕಾರಣ ಸದ್ದು. ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ ಮಿತಿ. ಮಾರ್ಗಸೂಚಿ ಅಂದರೆ ಕಾಯ್ದೆ ಅಲ್ಲ, ನಿಜ. ಆದರೂ ಫ್ಯಾನಿನ ಜಾಗ ಐವತ್ತೋ ನೂರೋ ಮೀಟರ್ ಸರಿಸುವುದು ನಕ್ಷೆಯ ಹಂತದಲ್ಲಿ ಸುಲಭ. ತಳಪಾಯಕ್ಕೆ ಕಾಂಕ್ರೀಟ್ ಸುರಿದ ಮೇಲೆ ಯಾರೂ ಸರಿಸುವುದಿಲ್ಲ. ಹಾಗಾಗಿ ಈಗಲೇ ಕೇಳಿ. ತಹಶೀಲ್ದಾರ್ ಕಚೇರಿಗೂ ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮವಾದ ಕ್ರೆಡೆಲ್‌ಗೂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಮಂಜೂರಾತಿ ಪತ್ರ ಮತ್ತು ನಕ್ಷೆ ಕೇಳಿ. ಶುಲ್ಕ ಹತ್ತು ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಗ್ರಾಮಸಭೆಯಲ್ಲಿ ವಿಷಯ ಇಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿ. ಸುಮ್ನೆ ಕೂಗಾಡಿ ಎದ್ದು ಬರಬೇಡಿ.

ಇನ್ನು ಮಳೆಯ ಮಾತು. ದಯವಿಟ್ಟು ಅದನ್ನು ಬರೆಯಬೇಡಿ. ರೆಕ್ಕೆಯ ತುದಿ ಇನ್ನೂರು ಮೀಟರ್ ಆಸುಪಾಸು. ಮಳೆ ಸುರಿಸುವ ಮೋಡ ಅದಕ್ಕಿಂತ ಎಷ್ಟೋ ಎತ್ತರಕ್ಕೆ ಬೆಳೆದಿರುತ್ತದೆ. ಶಿರಾ, ಪಾವಗಡದ ಬರ ಫ್ಯಾನಿಗಿಂತ ಹಳೆಯದು. ಹಿರಿಯರ ಆತಂಕ ನನಗೆ ಅರ್ಥ ಆಗುತ್ತದೆ. ಆದರೆ ಅರ್ಜಿಯಲ್ಲಿ ಆ ಒಂದು ಸಾಲು ಇದ್ದರೆ, ಗೋಮಾಳದ ಗಟ್ಟಿ ಮಾತನ್ನೂ ಅದರ ಜೊತೆಗೇ ತಳ್ಳಿಹಾಕುತ್ತಾರೆ.

ನಾನು ಗಾಳಿ ಕರೆಂಟಿಗೆ ವಿರೋಧಿ ಅಲ್ಲ. ನಮ್ಮಲ್ಲಿ ಗಾಳಿ ಜೋರಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಸೋಲಾರ್ ಮಂಕಾಗುವ ಮೋಡದ ದಿನಗಳಲ್ಲಿ. 2024-25ರಲ್ಲಿ ದೇಶದಲ್ಲೇ ಅತಿ ಹೆಚ್ಚು ಹೊಸ ಗಾಳಿ ಸಾಮರ್ಥ್ಯ ಸೇರಿಸಿದ್ದು ಕರ್ನಾಟಕ, 1,331 ಮೆಗಾವ್ಯಾಟ್. 2023ರ ಬರದಲ್ಲಿ ಪಂಪ್‌ಸೆಟ್‌ಗೆ ಏಳು ಗಂಟೆ ತ್ರೀಫೇಸ್ ಸಿಗದೆ ಒದ್ದಾಡಿದವರು ನಾವೇ. ಕರೆಂಟು ಬೇಕು. ಹಾಗಂತ ಕುರಿ ಕಾಯುವವನ ಹುಲ್ಲನ್ನು ಅವನಿಗೆ ಒಂದು ಮಾತೂ ಹೇಳದೆ ತೆಗೆದುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ. ನಿಮ್ಮನ್ನು ಅಭಿವೃದ್ಧಿ ವಿರೋಧಿ ಅಂದವರಿಗೆ ನಕ್ಷೆ ತೋರಿಸಿ ಅನ್ನಿ.

ಪ್ರಶ್ನೆ: ಪಾವಗಡದ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟವರಿಗೆ ವರ್ಷಾ ವರ್ಷ ದುಡ್ಡು ಬರುತ್ತದೆ. ಈಗ ನಮ್ಮೂರಿಗೆ ಫ್ಯಾನಿನವರು ಬಂದು ಮೂರು ಎಕರೆ ಕೇಳುತ್ತಿದ್ದಾರೆ. ನಮ್ಮದು ಸರ್ಕಾರ ನಮ್ಮ ತಾತನಿಗೆ ಕೊಟ್ಟ ಜಮೀನು, ನಾವು ಪರಿಶಿಷ್ಟ ಜಾತಿಯವರು. ಮಾರೋದಾ, ಗುತ್ತಿಗೆ ಕೊಡೋದಾ?
ಒಬ್ಬ ಓದುಗ ತಾಯಿ, ಪಾವಗಡ ತಾಲ್ಲೂಕು

ಉತ್ತರ: ತಾಯಿ, ಸಹಿ ಹಾಕುವ ಮೊದಲು ಇದನ್ನು ಪೂರ್ತಿ ಓದಿಸಿಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಬೇರೆಯವರ ಕೈ ಸೇರದಂತೆ ಕಾಯಲು 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಗುತ್ತಿಗೆ ಕೊಡುವುದೂ ಆ ಕಾಯ್ದೆಯಲ್ಲಿ ಪರಭಾರೆಯೇ, ಅಂದರೆ ಬೇರೆಯವರಿಗೆ ವರ್ಗಾಯಿಸಿದಂತೆಯೇ. 'ಅನುಮತಿ ನಾವು ಮಾಡಿಸ್ತೀವಿ, ನೀವು ಈಗ ಸಹಿ ಹಾಕಿ' ಅಂದರೆ ಒಪ್ಪಬೇಡಿ. ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಬೇರೆಯವರಿಗೆ ಕೊಡುವ ಪತ್ರ, ಜಿಪಿಎ, ಅಂತೂ ಬೇಡವೇ ಬೇಡ.

ಪಾವಗಡದಲ್ಲಿ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಕಡಲೆಕಾಯಿ ಹಾಕಿ ಬೀಜದ ದುಡ್ಡೂ ಬಾರದಿದ್ದ ಮನೆಗಳಿಗೆ ಅದು ದೊಡ್ಡ ಆಸರೆ ಆಯಿತು. ಆದರೆ ಆ ದುಡ್ಡು ಪಹಣಿ ಇದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಕೂಲಿ ಹೆಂಗಸರಿಗೆ ಗುತ್ತಿಗೆ ಹಣದ ಒಂದು ಪೈಸೆಯೂ ಇಲ್ಲ. ಹುಲ್ಲು ಕತ್ತರಿಸುವ, ಪ್ಯಾನೆಲ್ ತೊಳೆಯುವ ಕೆಲಸ ಕೆಲವರಿಗೆ ಸಿಕ್ಕಿತು, ಅಷ್ಟೇ. ನಿಮ್ಮ ಊರಿನಲ್ಲಿ ಮಾತುಕತೆ ನಡೆದರೆ ಕೂಲಿಯವರ ಕೆಲಸದ ಷರತ್ತನ್ನೂ ಬರೆಸಿ.

ನನ್ನ ಅಭಿಪ್ರಾಯ ಕೇಳಿದರೆ, ಅನುಮತಿ ಸಿಕ್ಕರೂ ಮಾರಬೇಡಿ, ಗುತ್ತಿಗೆ ಕೊಡಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಗುತ್ತಿಗೆಯನ್ನು ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಪತ್ರ ಕನ್ನಡದಲ್ಲಿ ಇರಲಿ. ನಿಮ್ಮ ಜಮೀನನ್ನು ಬ್ಯಾಂಕಿಗೆ ಅಡ ಇಡುವ ಅಧಿಕಾರ ಕಂಪನಿಗೆ ಕೊಡುವ ಸಾಲು ಇದೆಯೇ ಅಂತ ವಕೀಲರಿಂದ ನೋಡಿಸಿ. ಫ್ಯಾನಿನ ಆಯಸ್ಸು ಇಪ್ಪತ್ತು, ಇಪ್ಪತ್ತೈದು ವರ್ಷ. ಆಮೇಲೆ ನೆಲದೊಳಗಿನ ನೂರಾರು ಘನ ಮೀಟರ್ ಕಾಂಕ್ರೀಟನ್ನು ಯಾರು ಕೀಳಬೇಕು, ಯಾರ ದುಡ್ಡಿನಲ್ಲಿ? ಅದಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಿ. ಆ ಹೊತ್ತಿಗೆ ಜಮೀನು ನಿಮ್ಮ ಮಕ್ಕಳ ಹೆಸರಲ್ಲಿ ಇರುತ್ತದೆ.

ಪ್ರಶ್ನೆ: ಫ್ಯಾನು ಪಕ್ಕದ ಊರಲ್ಲಿ. ಲೈನು ಮಾತ್ರ ನನ್ನ ಅಡಿಕೆ ತೋಟದ ಮೇಲೆ ಹೋಗುತ್ತದಂತೆ. ತಡೆಯಬಹುದೇ?
ಗುಬ್ಬಿ ತಾಲ್ಲೂಕಿನ ರೈತರು

ಉತ್ತರ: ಪೂರ್ತಿ ತಡೆಯುವುದು ಕಷ್ಟ. ವಿದ್ಯುತ್ ಕಾಯ್ದೆಯ 164ನೇ ಕಲಂನಡಿ ಅಧಿಕಾರ ಪಡೆದ ಸಂಸ್ಥೆಗೆ 1885ರ ಟೆಲಿಗ್ರಾಫ್ ಕಾಯ್ದೆಯ ಬಲ ಸಿಗುತ್ತದೆ. ಆಗ ಜಮೀನಿನ ಯಜಮಾನನ ಒಪ್ಪಿಗೆ ಬೇಕಾಗುವುದಿಲ್ಲ. ಆ ಅಧಿಕಾರ ಕೊಟ್ಟ ಆದೇಶದ ಪ್ರತಿ ಕೇಳಿ. ಅದು ಇಲ್ಲದಿದ್ದರೆ ಕೆಲಸಕ್ಕೆ ಲಿಖಿತ ಆಕ್ಷೇಪಣೆ ಕೊಡಿ. ಆದೇಶ ಇದ್ದರೆ ಪರಿಹಾರದ ಕಡೆ ಗಮನ ಕೊಡಿ. 66 ಕೆವಿ ಮತ್ತು ಮೇಲಿನ ಲೈನಿಗೆ ಕೇಂದ್ರದ ಜೂನ್ 2024ರ ಮಾರ್ಗಸೂಚಿ ಟವರ್ ನಿಲ್ಲುವ ಜಾಗಕ್ಕೆ ಜಮೀನು ಬೆಲೆಯ ಶೇ 200, ತಂತಿಯ ಕೆಳಗಿನ ಪಟ್ಟಿಗೆ ಶೇ 30 ಅನ್ನುತ್ತದೆ. ಮರಗಳ ಪರಿಹಾರ ಬೇರೆ. ಒಂದು ಮರ ಕಡಿಯುವ ಮೊದಲೇ ತೋಟಗಾರಿಕೆ ಇಲಾಖೆಯವರನ್ನು ಕರೆಸಿ, ಅಡಿಕೆ ಮರಗಳ ಎಣಿಕೆ ಮತ್ತು ವಯಸ್ಸಿನ ಪಂಚನಾಮೆ ಮಾಡಿಸಿ, ಫೋಟೊ ತೆಗೆದಿಡಿ. ಕೊಟ್ಟ ಹಣ ಸಾಲದು ಅನಿಸಿದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು. ಅಲ್ಲಿ ಆ ಪಂಚನಾಮೆಯೇ ನಿಮ್ಮ ಸಾಕ್ಷಿ.